ಇನ್ನೂರ ಹನ್ನೆರಡು ಸಲ ನೋಡಿದ ಗಂಡಸು

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಉಪದೇಶ ಮಾಡುವವರನ್ನು ನಾನು ಕೇಳುವುದು ಒಂದೇ ಪ್ರಶ್ನೆ: "ಸ್ವಾಮಿ, ತಮಗೆ ಷಡ್ಡಕ ಇದ್ದಾನೆಯೇ?" ಇಲ್ಲ ಎಂದರೆ ಅವರ ಉಪದೇಶವನ್ನು ಅಲ್ಲಿಗೇ ಮುಗಿಸಬಹುದು. ನನಗೆ ಇದ್ದಾನೆ. ಹೆಂಡತಿಯ ತಂಗಿಯ ಗಂಡ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ನನಗಿಂತ ಕೂದಲು ಜಾಸ್ತಿ, ಮಾತು ಜಾಸ್ತಿ, ಮತ್ತು (ಮುಖ್ಯ ವಿಷಯ ಇದೇ) ನನ್ನ ಹೆಂಡತಿ ದಿನಕ್ಕೆ ಅವನನ್ನು ಹೊಗಳುವ ಸಂಖ್ಯೆ ನನ್ನನ್ನು ವರ್ಷಕ್ಕೆ ಹೊಗಳುವ ಸಂಖ್ಯೆಗಿಂತ ಜಾಸ್ತಿ.

ಅವನ ಉದ್ಯೋಗ ಡಿಜಿಟಲ್ ಮಾರ್ಕೆಟಿಂಗ್. ಅಂದರೆ ಕುರ್ಚಿಯಲ್ಲಿ ಒರಗಿ ಫೋನಿನ ಮೇಲೆ ಹೆಬ್ಬೆರಳು ಉಜ್ಜುವುದು. ಒಂದು ಕಾಲದಲ್ಲಿ ಅಕ್ಷರ ಬಾರದವನನ್ನು ಹೆಬ್ಬೆಟ್ಟು ಎನ್ನುತ್ತಿದ್ದರು. ಈಗ ಹೆಬ್ಬೆಟ್ಟಿನಿಂದಲೇ ಮನೆ, ಕಾರು ಎಲ್ಲ ಆಗುತ್ತದೆ. ಆದ್ದರಿಂದ ಮನಸ್ಸಿನಲ್ಲಿ ನಾನು ಅವನನ್ನು ಹೆಬ್ಬೆಟ್ಟು ಎಂದೇ ಕರೆಯುತ್ತೇನೆ. ಎದುರಿಗೆ "ಏನಪ್ಪಾ, ಚೆನ್ನಾಗಿದ್ದೀಯಾ?" ಎಂದು ಹಲ್ಲು ಬಿಡುತ್ತೇನೆ. ಸಂಸಾರಸ್ಥನ ಬಾಳೇ ಹೀಗೆ.

ನಾನೇನು ಕಡಿಮೆಯವನಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಒಂದು ದಿನಪತ್ರಿಕೆಯ ಜಾಹೀರಾತು ವಿಭಾಗದಲ್ಲಿದ್ದೇನೆ. ಅರ್ಧ ಪುಟ, ಕಾಲು ಪುಟ, ಎರಡು ಕಾಲಂ, ಬಾಡಿಗೆಗೆ ಮನೆ, ಕಳೆದುಹೋದ ಸರ್ಟಿಫಿಕೇಟು, ಎಲ್ಲವೂ ನನ್ನ ಕೈಯಿಂದ ಹಾದು ಹೋಗಿವೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ನಾನು ಬರೆದ ಜಾಹೀರಾತುಗಳನ್ನು ಕತ್ತರಿಸಿ ಪುಸ್ತಕದಲ್ಲಿ ಅಂಟಿಸುತ್ತಿದ್ದಳು. "ಈ ನೀರಿನ ಟ್ಯಾಂಕಿನದು ನೀವೇ ಬರೆದಿದ್ದಾ? ಓದಿದರೆ ಕಣ್ಣಲ್ಲಿ ನೀರು ಬರುತ್ತೆ ರೀ" ಎಂದಿದ್ದಳು ಒಮ್ಮೆ. ಒಬ್ಬ ಗಂಡಸು ಬದುಕಲು ಇದಕ್ಕಿಂತ ಹೆಚ್ಚು ಏನು ಬೇಕು?

ಈಗಲೂ ಅವಳು ಪತ್ರಿಕೆಯನ್ನು ಜೋಪಾನವಾಗಿಯೇ ಬಳಸುತ್ತಾಳೆ. ಅವಳು ಕಿಟಕಿ ಪರದೆ ಹೊಲಿಯುತ್ತಾಳೆ. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆಗೆ ಧೂಳು ಹತ್ತದಿರಲಿ ಎಂದು ನೆಲದ ಮೇಲೆ ಮೊದಲು ನಮ್ಮ ಪತ್ರಿಕೆ ಹಾಸಿ, ಅದರ ಮೇಲೆ ಥಾನು ಬಿಚ್ಚಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾಳೆ. "ನಿಮ್ಮ ಪೇಪರ್ ಕಾಗದ ದಪ್ಪ ಇದೆ ರೀ, ಬೇರೆಯವರದ್ದು ಹರಿಯುತ್ತೆ" ಎಂದು ಮೆಚ್ಚುತ್ತಾಳೆ. ಇಪ್ಪತ್ತೊಂಬತ್ತು ವರ್ಷದ ಸೇವೆಗೆ ಸಂದ ಬಿರುದು ಇದು.

ಒಂದು ಸಂಜೆ ಹೆಬ್ಬೆಟ್ಟು ಮನೆಗೆ ಬಂದಾಗ ಕಥೆ ಶುರುವಾಯಿತು. ಬಿಸ್ಕತ್ತು ಕಡಿಯುತ್ತಾ ಅವನು ಹೇಳಿದ:

"ಅಕ್ಕಾ, ನಿಮ್ಮ ಕೈಕೆಲಸ ಊರಿಗೆಲ್ಲ ಗೊತ್ತಾಗಬೇಕು. ನಾನೊಂದು ವಿಡಿಯೋ ಮಾಡಿ ಫೋನಲ್ಲಿ ಬಿಡ್ತೀನಿ."

"ಪೇಪರಲ್ಲಿ ನಾನು ಹಾಕ್ತೀನಲ್ಲ" ಎಂದೆ ನಾನು, ತಡೆಯಲಾರದೆ.

ಅವನು ನನ್ನನ್ನು ಮ್ಯೂಸಿಯಂನಲ್ಲಿ ಇಟ್ಟಿರುವ ಪಾತ್ರೆಯನ್ನು ನೋಡುವ ಹಾಗೆ ನೋಡಿದ. "ಭಾವ, ಬೇಜಾರು ಮಾಡ್ಕೋಬೇಡಿ. ಪೇಪರ್ ಯಾರು ಓದ್ತಾರೆ? ಟಿವಿಲಿ ಜಾಹೀರಾತು ಬಂದ ತಕ್ಷಣ ಜನ ಎದ್ದು ನೀರು ಕುಡಿಯೋಕೆ ಹೋಗ್ತಾರೆ. ಆ ಕಾಲ ಮುಗೀತು."

"ಮುಗಿದಿದ್ದರೆ ನನಗೆ ಸಂಬಳ ಯಾಕೆ ಕೊಡ್ತಾರೆ?"

"ಅದೇ ನನಗೂ ಅರ್ಥ ಆಗಿಲ್ಲ ಭಾವ" ಎಂದ, ನಿಜವಾದ ಕಳಕಳಿಯಿಂದ. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನ್ನ ಹೊಟ್ಟೆಯಲ್ಲಿ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು.

ಅಲ್ಲಿಯೇ ಪಂದ್ಯ ಕಟ್ಟಿದೆವು. ನಾನು ಪತ್ರಿಕೆಯಲ್ಲಿ, ಅವನು ಫೋನಿನಲ್ಲಿ. ನಮ್ಮ ಕಸುಬಿನ ಹಳೇ ಉಪಾಯವೊಂದಿದೆ: ಒಂದೊಂದು ಜಾಹೀರಾತಿನಲ್ಲಿ ಒಂದೊಂದು ಫೋನ್ ನಂಬರು ಕೊಡುವುದು. ಯಾವುದು ಬಡಿದುಕೊಂಡಿತೋ ಆ ಜಾಹೀರಾತು ಕೆಲಸ ಮಾಡಿತು ಎಂದರ್ಥ. ಹೊಲಿಗೆ ಮಷಿನ್ನಿನ ಎಡಕ್ಕೆ ನನ್ನ ಹಳೇ ಫೋನು, ಬಲಕ್ಕೆ ಅವನು ಕೊಟ್ಟ ಹೊಸ ಫೋನು ಇಟ್ಟೆವು. ನನಗೆ ಬೇಕಿದ್ದದ್ದು ಗಿರಾಕಿಗಳಲ್ಲ, ಸುಳ್ಳು ಏಕೆ ಹೇಳಲಿ. ನನ್ನ ಹೆಂಡತಿ ಅವನ ಎದುರಿಗೆ ಒಂದೇ ಒಂದು ಸಲ, "ರೀ, ನಿಮ್ಮಿಂದಲೇ ಆಯ್ತು" ಎನ್ನಬೇಕಿತ್ತು. ಅಷ್ಟೇ.

ನಾನು ಮೂರು ದಿನ ಕೂತು ಜಾಹೀರಾತು ಬರೆದೆ. "ಗವಾಕ್ಷಕ್ಕೆ ಗೌರವ ತರುವ ಯವನಿಕೆ" ಎಂಬುದು ಶೀರ್ಷಿಕೆ. ಎರಡು ಕಾಲಂ, ಹತ್ತು ಸೆಂಟಿಮೀಟರ್. ಪುಟ ಕಟ್ಟುವವನ ಕೈಕಾಲು ಹಿಡಿದು ಒಳ್ಳೆಯ ಜಾಗ ಕೊಡಿಸಿಕೊಂಡೆ. ಬೆಳಿಗ್ಗೆ ನೋಡಿದರೆ ಏಳನೇ ಪುಟದಲ್ಲಿ, ನಿಧನ ವಾರ್ತೆಗಳ ನಡುವೆ, ಎಡಗಡೆ ಒಬ್ಬ ನಿವೃತ್ತ ಇಂಜಿನಿಯರು, ಬಲಗಡೆ ಒಬ್ಬ ಅಜ್ಜಿ, ಮಧ್ಯೆ ನನ್ನ ಯವನಿಕೆ.

ಎಡಗಡೆಯ ಫೋನಿಗೆ ಮೂರು ಕರೆ ಬಂದವು. ಒಬ್ಬರು ಅಂತ್ಯಕ್ರಿಯೆ ಎಷ್ಟು ಗಂಟೆಗೆ ಎಂದು ಕೇಳಿದರು. ಇನ್ನೊಬ್ಬರಿಗೆ ಯವನಿಕೆ ಎಂದರೆ ಏನು ಎಂದು ತಿಳಿಯಬೇಕಿತ್ತು. ಮೂರನೆಯವರು ನಮ್ಮದೇ ಪತ್ರಿಕೆಯ ಪಕ್ಕದ ವಿಭಾಗದಿಂದ, "ಮೇಡಂ, ಮತ್ತೆ ಜಾಹೀರಾತು ಹಾಕೋದಾದರೆ ರಿಯಾಯಿತಿ ಇದೆ" ಎಂದರು.

ಅಷ್ಟರಲ್ಲಿ ಬಲಗಡೆಯ ಫೋನು ಇಪ್ಪತ್ತು ಸಲ ಬಡಿದುಕೊಂಡಿತ್ತು.

ಆಗ ನಾನು ಆ ವಿಡಿಯೋ ನೋಡಿದೆ. ಅರ್ಧ ನಿಮಿಷದ್ದು. ನೀಲಿ ಪರದೆಯ ಹಿಂದಿನಿಂದ ನನ್ನ ಹೆಂಡತಿ ಮೆಲ್ಲಗೆ ಇಣುಕುತ್ತಾಳೆ, ಪರದೆ ಸರಿಸುತ್ತಾಳೆ, "ಕಿಟಕಿ ನಿಮ್ಮದು, ಪರದೆ ನಮ್ಮದು" ಎನ್ನುತ್ತಾಳೆ, ಆಮೇಲೆ ನಗುತ್ತಾಳೆ. ಆ ನಗು! ಇಪ್ಪತ್ತೇಳು ವರ್ಷದ ಹಿಂದೆ ನಾನು ಅವಳನ್ನು ನೋಡಲು ಹೋದಾಗ ಇದ್ದ ನಗು. ಅದು ಖರ್ಚಾಗಿ ಹೋಗಿದೆ ಎಂದುಕೊಂಡಿದ್ದೆ. ಇಲ್ಲ, ಇಟ್ಟುಕೊಂಡಿದ್ದಾಳೆ, ಮತ್ತು ಕ್ಯಾಮೆರಾ ಹಿಡಿದು ಎದುರಿಗೆ ನಿಂತಿದ್ದ ಹೆಬ್ಬೆಟ್ಟಿಗೆ ಕೊಟ್ಟಿದ್ದಾಳೆ! ಪತ್ರಿಕೆ ಸೋತದ್ದಕ್ಕಿಂತ ಇದು ನನಗೆ ಹತ್ತು ಪಟ್ಟು ಉರಿಯಿತು.

ಆಫೀಸಿನ ಎದುರಿನ ಚಹಾ ಅಂಗಡಿಯಲ್ಲಿ ನನ್ನ ಗೆಳೆಯನೊಬ್ಬನ ಮುಂದೆ ದುಃಖ ತೋಡಿಕೊಂಡೆ. ಅವನು ಒಂದು ಟಿವಿ ಚಾನೆಲ್ಲಿನಲ್ಲಿ ಜಾಹೀರಾತಿನ ಸಮಯ ಮಾರುವವನು. ಮೂವತ್ತು ವರ್ಷದ ಅಭ್ಯಾಸ. ಏನೇ ಹೇಳಿದರೂ ಹತ್ತು ಸೆಕೆಂಡಿನಲ್ಲಿ ಮುಗಿಸುತ್ತಾನೆ. ಎಲ್ಲರೂ ಅವನನ್ನು ಹತ್ತು ಸೆಕೆಂಡು ಎಂದೇ ಕರೆಯುತ್ತಾರೆ.

"ಎದುರಾಳಿ ಪತ್ರಿಕೆಯಲ್ಲಿ ನಿಮಗಾಗದ ಜಾಹೀರಾತು ಬಂದರೆ ಹಿಂದೆಲ್ಲ ಏನು ಮಾಡ್ತಿದ್ರಿ?" ಎಂದ.

"ಬೆಳಿಗ್ಗೆ ಹೋಗಿ ಅಂಗಡಿಯ ಕಟ್ಟನ್ನೇ ಪೂರ್ತಿ ಕೊಂಡುಬಿಡ್ತಿದ್ವಿ. ಬೇರೆಯವರಿಗೆ ಪ್ರತಿ ಸಿಗಬಾರದು ಅಂತ."

"ಇದಕ್ಕೂ ಅದನ್ನೇ ಮಾಡು. ದಿನಕ್ಕೆ ಇಷ್ಟು ಸಲ ತೋರಿಸಬೇಕು ಅಂತ ಲೆಕ್ಕ ಇರುತ್ತೆ. ಎಲ್ಲಾ ನೀನೇ ನೋಡಿ ಮುಗಿಸು. ಖಾಲಿ!"

ಎಂಥ ತಲೆ! ಎಷ್ಟೆಂದರೂ ಹಳೇ ಕಾಲದ ಅನುಭವ ಹಳೇ ಕಾಲದ್ದೇ. ಅವತ್ತಿನಿಂದ ಪ್ರತಿ ಮಧ್ಯಾಹ್ನ ಒಂದರಿಂದ ಎರಡು ಗಂಟೆಯವರೆಗೆ ಆ ಚಹಾ ಅಂಗಡಿಯ ಮೂಲೆಯ ಬೆಂಚಿನಲ್ಲಿ ಕೂತು ನಾನು ಕಟ್ಟು ಖಾಲಿ ಮಾಡತೊಡಗಿದೆ. ಅರ್ಧಕ್ಕೆ ಬಿಟ್ಟರೆ ಪ್ರತಿ ಖರ್ಚಾಗದೇ ಉಳಿದೀತು ಎಂದು ಪ್ರತಿ ಸಲವೂ ಪೂರ್ತಿ ನೋಡಿದೆ. ಅದು ಮತ್ತೆ ಬರುವವರೆಗೆ ಎರಡು ಮೂರು ನಿಮಿಷ ನಾನೂ ಹೆಬ್ಬೆರಳು ಉಜ್ಜಬೇಕಿತ್ತು. ಅವಳು ಇಣುಕುತ್ತಾಳೆ, ಸರಿಸುತ್ತಾಳೆ, ನಗುತ್ತಾಳೆ. ಮತ್ತೆ ಇಣುಕುತ್ತಾಳೆ. ಮೊದಲ ಎರಡು ದಿನ ಕರ್ತವ್ಯ ಎಂದು ನೋಡಿದೆ. ಮೂರನೇ ದಿನ ಊಟದ ಡಬ್ಬಿ ತೆರೆಯುವುದು ಮರೆತುಹೋಯಿತು. ಐದನೇ ದಿನ ಎರಡು ಗಂಟೆ ಹೊಡೆದಾಗ ನನಗೆ ಬೇಜಾರಾಯಿತು. (ಇದನ್ನು ಹತ್ತು ಸೆಕೆಂಡಿಗೆ ನಾನು ಹೇಳಿಲ್ಲ. ನಿಮಗೆ ಹೇಳಿದ್ದೇನೆ, ನಿಮ್ಮಲ್ಲೇ ಇರಲಿ.)

ಹತ್ತನೇ ದಿನ ಹೆಬ್ಬೆಟ್ಟು ವರದಿ ತಂದ. ಪಾರಿವಾಳ ಹಾರಿಸುವ ಜಾದೂಗಾರನ ಹಾಗೆ ಫೋನನ್ನು ಎತ್ತಿ ಹಿಡಿದ.

"ಅಕ್ಕಾ, ಒಂದು ವಿಚಿತ್ರ ಆಗಿದೆ. ಒಬ್ಬನೇ ಒಬ್ಬ ನಿಮ್ಮ ವಿಡಿಯೋನ ಇನ್ನೂರ ಹನ್ನೆರಡು ಸಲ ನೋಡಿದ್ದಾನೆ. ಪೂರ್ತಿ! ಒಂದು ಸಲಾನೂ ಮಧ್ಯದಲ್ಲಿ ಬಿಟ್ಟಿಲ್ಲ."

ನನಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು.

"ಅಯ್ಯೋ, ಯಾರದು?" ಎಂದಳು ಹೆಂಡತಿ. ಹೇಳಿದ ರೀತಿಯಲ್ಲಿ ಭಯ ಕಾಲು ಭಾಗ ಇತ್ತು, ಉಳಿದ ಮುಕ್ಕಾಲು ಏನು ಎಂದು ಹೇಳಲು ನನಗೆ ಇಷ್ಟವಿಲ್ಲ.

"ಆ್ಯಪ್‌ನವರು ಹೆಸರು ಕೊಡಲ್ಲ. ಗಂಡಸು, ಐವತ್ತರ ಮೇಲೆ. ಮಧ್ಯಾಹ್ನ ಒಂದರಿಂದ ಎರಡು. ಜಾಗ ಮಾತ್ರ ನಮ್ಮ ಭಾವನ ಪತ್ರಿಕೆ ಆಫೀಸ್ ಇರೋ ಬೀದಿ."

ನಾನು ಕಣ್ಣು ಮುಚ್ಚಿಕೊಂಡು ತೀರ್ಪಿಗೆ ಕಾದೆ. ಹೆಂಡತಿ ನನ್ನ ಕಡೆ ತಿರುಗಿದಳು.

"ರೀ! ನಿಮ್ಮ ಆಫೀಸಿನವರೇ ಯಾರೋ! ಆ ಎತ್ತರದವರಾ? ಕ್ರೀಡಾ ಪುಟ ಬರೀತಾರಲ್ಲ, ಅವರು?"

ಎತ್ತರದವರಂತೆ! ಕ್ರೀಡಾ ಪುಟದವನ ಎತ್ತರವನ್ನು ಇವಳು ಯಾವಾಗ ಅಳೆದಳು? ಆ ಬೀದಿಯಲ್ಲಿ ಐವತ್ತು ದಾಟಿದ ಗಂಡಸು ಇನ್ನೊಬ್ಬ ಇದ್ದಾನೆ, ಅವನು ಎದುರಿಗೇ ಕೂತು ಕೆಮ್ಮುತ್ತಿದ್ದಾನೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

"ಅದರಿಂದ ನಮಗೇ ಲಾಭ ಆಯ್ತು ಅಕ್ಕಾ" ಎಂದ ಹೆಬ್ಬೆಟ್ಟು. "ಒಬ್ಬ ಇಷ್ಟು ಇಷ್ಟಪಟ್ಟು ನೋಡ್ತಿದ್ದಾನೆ ಅಂದಕೂಡಲೆ ಆ ವಿಡಿಯೋ ಚೆನ್ನಾಗಿರಬೇಕು ಅಂತ ಆ್ಯಪ್ ಇನ್ನೂ ನಾಲ್ಕು ಸಾವಿರ ಜನಕ್ಕೆ ತೋರಿಸಿಬಿಟ್ಟಿದೆ. ಆದರೆ ಆ ಮನುಷ್ಯ ಮಾತ್ರ ಗಿರಾಕಿ ಅಲ್ಲ, ಏನೋ ಹುಚ್ಚು. ಅವನಿಗೆ ಇನ್ಮೇಲೆ ಕಾಣಿಸದ ಹಾಗೆ ಮಾಡಿದ್ದೀನಿ."

ಕಟ್ಟು ಖಾಲಿ ಮಾಡಲು ಹೋಗಿ ನಾನು ಮುದ್ರಣಾಲಯವನ್ನೇ ಓಡಿಸಿದ್ದೆ. ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಅದಲ್ಲ. ಮರುದಿನದಿಂದ ನನ್ನ ಹೆಂಡತಿ ಬದಲಾದಳು. ಬೆಳಿಗ್ಗೆ ಕನ್ನಡಿಯ ಮುಂದೆ ಹತ್ತು ನಿಮಿಷ ಹೆಚ್ಚು ನಿಂತಳು. ಪೆಟ್ಟಿಗೆಯಲ್ಲಿದ್ದ ಹಸಿರು ಕಲ್ಲಿನ ಓಲೆ ಹೊರಗೆ ಬಂತು. ಎರಡನೇ ವಿಡಿಯೋ ತೆಗೆಯುವ ದಿನ ಒಳಗಿನ ಕೋಣೆಯಲ್ಲಿದ್ದ ನನಗೆ ಅವಳ ದನಿ ಕೇಳಿಸಿತು: "ಮತ್ತೆ ಮತ್ತೆ ನೋಡುವವರಿಗೆ ವಿಶೇಷ ಧನ್ಯವಾದ." ಆಮೇಲೆ ಒಂದು ಕ್ಷಣ ಮೌನ. ಆ ಮೌನದಲ್ಲಿ ಅವಳು ನಗುತ್ತಿದ್ದಾಳೆ ಎಂದು ನನಗೆ ಗೊತ್ತು. ಇನ್ನೂರ ಹನ್ನೆರಡು ಸಲ ನೋಡಿದವನಿಗೆ ಗೊತ್ತಾಗದೆ ಇರುತ್ತದೆಯೇ?

ಲೋಕದಲ್ಲಿ ಗಂಡಂದಿರು ಬೇರೆ ಗಂಡಸರ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೆ. ನಾನು ನನ್ನ ಮೇಲೆಯೇ ಹೊಟ್ಟೆಕಿಚ್ಚು ಪಟ್ಟು ಊಟ ಬಿಟ್ಟೆ. ಆ ಅಯೋಗ್ಯ ಮಧ್ಯಾಹ್ನ ಒಂದು ಗಂಟೆಗೆ ಬೆಂಚಿನ ಮೇಲೆ ಕೂತು ನನ್ನ ಹೆಂಡತಿಯ ಮನಸ್ಸು ಗೆದ್ದಿದ್ದ. ನಾನು ಅವಳ ಜೊತೆ ಒಂದೇ ಸೂರಿನಡಿ ಇದ್ದೂ ಸೋತಿದ್ದೆ. ದಿನಗಟ್ಟಲೆ ಕ್ರೀಡಾ ಪುಟದವನನ್ನು ಕಂಡರೂ ಮುಖ ತಿರುಗಿಸಿದೆ, ಪಾಪ, ಅವನು ಏನೂ ಮಾಡಿರಲಿಲ್ಲ.

ರಜೆಯ ದಿನ ಬೆಳಿಗ್ಗೆ ಧೈರ್ಯ ಮಾಡಿದೆ. ಅವಳು ಮಷಿನ್ ತುಳಿಯುತ್ತಿದ್ದಳು.

"ನೋಡೇ, ಆ ಇನ್ನೂರ ಹನ್ನೆರಡು ನಾನೇ."

ಮಷಿನ್ ನಿಂತಿತು. "ಏನು ನೀವೇ?"

"ನೋಡಿದವನು. ಆ ವಿಡಿಯೋನ."

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ದಾರ ಕಚ್ಚಿ ಕಡಿದು ಹೇಳಿದಳು: "ರೀ, ಹೋದ ತಿಂಗಳು ನಾನು ಕೂದಲು ಕತ್ತರಿಸಿಕೊಂಡು ಬಂದು ನಿಮ್ಮ ಮುಂದೆ ನಾಲ್ಕು ದಿನ ಓಡಾಡಿದೆ. ಕಂಡಿತ್ತಾ?"

"ವಿಡಿಯೋದಲ್ಲಿ ಕಂಡಿತು. ಕ್ಯಾಮೆರಾದಲ್ಲಿ ಹಾಗೆ ಗಿಡ್ಡ ಕಾಣುತ್ತೆ ಅಂದುಕೊಂಡೆ."

"ನೋಡಿ! ಇಂಥವರು ನನ್ನನ್ನ ಇನ್ನೂರು ಸಲ ನೋಡ್ತಾರಂತೆ! ಯಾರೋ ಪಾಪ ಮೆಚ್ಚಿಕೊಂಡು ನೋಡಿದ್ರೆ ಅದಕ್ಕೂ ಹೊಟ್ಟೆ ಉರೀನಾ ನಿಮಗೆ? ಅವರ ಹೆಸರನ್ನೂ ನೀವೇ ಹೊಡ್ಕೋಬೇಕಾ?"

"ಆಣೆಗೂ ನಾನೇ ಕಣೇ! ನಿನ್ನ ತಂಗಿ ಗಂಡನ್ನ ಸೋಲಿಸೋಕೆ ಅಂತ ನೋಡಿದೆ. ಆಮೇಲೆ..."

"ಆಮೇಲೆ?"

ಆಮೇಲೆ ಏನೆಂದು ಹೇಳಲು ಬಾಯಿ ಬರಲಿಲ್ಲ. ನೀರಿನ ಟ್ಯಾಂಕಿನ ಬಗ್ಗೆ ಜನರನ್ನು ಅಳಿಸುವಂತೆ ಬರೆದವನು ನಾನು. ಹೆಂಡತಿಯ ಮುಂದೆ ನಾಲ್ಕು ಶಬ್ದ ಹೊರಡಲಿಲ್ಲ. ಫೋನ್ ತೆಗೆದು, "ಸಾಕ್ಷಿ ತೋರಿಸ್ತೀನಿ ಇರು" ಎಂದೆ. ಹೆಬ್ಬೆರಳು ಉಜ್ಜಿದೆ. ಪಾತ್ರೆ ಬಂತು, ಮಂಡಿನೋವಿನ ಪಟ್ಟಿ ಬಂತು, ಬೋಳುತಲೆಗೆ ಎಣ್ಣೆ ಬಂತು. ನನ್ನ ಹೆಂಡತಿ ಮಾತ್ರ ಬರಲಿಲ್ಲ. ನನ್ನನ್ನು ಹುಚ್ಚರ ಪಟ್ಟಿಗೆ ಸೇರಿಸಿ ಬಾಗಿಲು ಹಾಕಿದ್ದನಲ್ಲ, ಮಹಾನುಭಾವ.

"ಸಾಕು ಬಿಡಿ" ಎಂದು ಅವಳು ಮತ್ತೆ ಮಷಿನ್ ತುಳಿದಳು. ನಗುತ್ತಿರಲಿಲ್ಲ. ಅದು ನನಗೆ ಚುಚ್ಚಿತು. ಗಂಡ ತನ್ನನ್ನು ಅಷ್ಟು ಸಲ ನೋಡಿದ್ದಾನೆ ಎಂಬುದು ಅವಳಿಗೆ ನಂಬಲಾಗದ ಸುದ್ದಿಯಾಗಿತ್ತು.

ಬಾಯಿ ಕೈಕೊಟ್ಟರೂ ಕಸುಬು ಇತ್ತಲ್ಲ. ಮರುದಿನ ಆಫೀಸಿಗೆ ಹೋಗಿ ನನಗೆ ಬರುವ ಒಂದೇ ಭಾಷೆಯಲ್ಲಿ ಬರೆದೆ. ಅದು ಬುಧವಾರದ ಪತ್ರಿಕೆಯಲ್ಲಿ, ಆರನೇ ಪುಟದಲ್ಲಿ, ಕಪ್ಪು ಚೌಕಟ್ಟಿನೊಳಗೆ ಅಚ್ಚಾಯಿತು:

"ಸಾರ್ವಜನಿಕ ಪ್ರಕಟಣೆ. ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಪರದೆ ಹೊಲಿಯುವ ನನ್ನ ಧರ್ಮಪತ್ನಿಯ ವಿಡಿಯೋವನ್ನು ಇನ್ನೂರ ಹನ್ನೆರಡು ಬಾರಿ ವೀಕ್ಷಿಸಿದ ವ್ಯಕ್ತಿ ನಾನೇ ಆಗಿರುತ್ತೇನೆ. ಮೊದಲ ಐವತ್ತು ವೀಕ್ಷಣೆಗಳು ದುರುದ್ದೇಶದಿಂದ ಕೂಡಿದ್ದು, ಉಳಿದವು ಅವಳ ನಗುವಿಗಾಗಿ. ಈ ಬಗ್ಗೆ ಕ್ರೀಡಾ ಪುಟದವರಾಗಲಿ, ಇತರ ಯಾರೇ ಆಗಲಿ ಹಕ್ಕು ಸಾಧಿಸಿದಲ್ಲಿ ಅದು ಊರ್ಜಿತವಾಗತಕ್ಕದ್ದಲ್ಲ. ಆಕ್ಷೇಪಣೆ ಇದ್ದವರು ಏಳು ದಿನಗಳೊಳಗಾಗಿ ಕೆಳಕಂಡ ನಂಬರಿಗೆ ಕರೆ ಮಾಡುವುದು. ಇಂತಿ, ಗಂಡ."

ಕೆಳಗೆ ಎಡಗಡೆಯ ಫೋನಿನ ನಂಬರು.

ಬುಧವಾರ ನಾನು ರಜೆ ಹಾಕಿ ಮನೆಯಲ್ಲೇ ಉಳಿದೆ. ಹೆಂಡತಿ ಪತ್ರಿಕೆಯನ್ನು ಕೈಗೆತ್ತಿಕೊಂಡಳು. ಅವಳು ಅದನ್ನು ಬಿಡಿಬಿಡಿಯಾಗಿ ಬಿಚ್ಚಿ ನೆಲಕ್ಕೆ ಹಾಸಿ, ಆರನೇ ಪುಟದ ಮೇಲೆ ಮಂಡಿಯೂರಿ ಕೂತು, ಕೆನೆಬಣ್ಣದ ಥಾನು ಬಿಚ್ಚಿದಳು. ನನ್ನ ಇಡೀ ಹೃದಯ ಅವಳ ಎಡ ಮಂಡಿಯ ಕೆಳಗಿತ್ತು.

"ಇವತ್ತಿನ ಪೇಪರ್ ಓದೋದಿಲ್ಲವಾ?" ಎಂದೆ.

"ಯಾಕೆ, ನಿಮಗೆ ಬೇಕಿತ್ತಾ? ಮೊದಲೇ ಹೇಳಬಾರದಾ? ಈಗ ಬಟ್ಟೆ ಹಾಸಾಯ್ತು."

ಮಧ್ಯಾಹ್ನದವರೆಗೆ ಒಂದೂ ಕರೆ ಇಲ್ಲ. ನಾಲ್ಕು ಗಂಟೆಗೆ ಇದ್ದಕ್ಕಿದ್ದಂತೆ ಎಡಗಡೆಯ ಫೋನು ಬಡಿದುಕೊಂಡಿತು. ಇಟ್ಟ ತಕ್ಷಣ ಮತ್ತೆ. ಮತ್ತೆ. ಐದು ಗಂಟೆಯೊಳಗೆ ಮೂವತ್ತು ಕರೆ! ಎಲ್ಲರಿಗೂ ಪರದೆ ಬೇಕು, ಎಲ್ಲರಿಗೂ "ಆ ಗಂಡ" ಹೇಗಿದ್ದಾನೆ ಎಂದು ತಿಳಿಯಬೇಕು. ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. "ಪತ್ರಿಕೆ! ನೋಡಿದೆಯಾ ಪತ್ರಿಕೆಯ ತಾಕತ್ತು!" ಎಂದು ಕೂಗುತ್ತಾ ಮುಂದಿನ ಕರೆಯನ್ನು ನಾನೇ ಎತ್ತಿ ಎದೆಯುಬ್ಬಿಸಿ ಕೇಳಿದೆ: "ನಮ್ಮ ಪ್ರಕಟಣೆ ಎಲ್ಲಿ ನೋಡಿದಿರಿ ಅಮ್ಮಾ?"

"ಫೋನಲ್ಲಿ. ಎಲ್ಲಾ ಕಡೆ ಅದೇ ಓಡಾಡ್ತಾ ಇದೆಯಲ್ಲ."

ಆಗಿದ್ದು ಇಷ್ಟು. ನಾದಿನಿ ಬೀರುವಿನ ಅರೆಗೆ ಹಾಸಲು ಹೋಗಿ ನಮ್ಮ ಪತ್ರಿಕೆಯ ಆರನೇ ಪುಟ ನೋಡಿದ್ದಾಳೆ. ಗಂಡನಿಗೆ ತೋರಿಸಿದ್ದಾಳೆ. ಹೆಬ್ಬೆಟ್ಟು ಅದರ ಫೋಟೋ ತೆಗೆದು, ಮೇಲಿದ್ದ ಪತ್ರಿಕೆಯ ಹೆಸರನ್ನು ನೀಟಾಗಿ ಕತ್ತರಿಸಿ ಬಿಸಾಡಿ, ಊರಿಗೆಲ್ಲ ಕಳಿಸಿದ್ದಾನೆ.

ಅದು ತಂಗಿಯಿಂದ ಅಕ್ಕನ ಫೋನಿಗೂ ಬಂತು. ಹೆಂಡತಿ ಕನ್ನಡಕ ಹಾಕಿಕೊಂಡು ಓದಿದಳು. ಇನ್ನೊಮ್ಮೆ ಓದಿದಳು. ಕಿವಿಯವರೆಗೆ ಕೆಂಪಾದಳು.

"ನಿಜವಾಗ್ಲೂ ನೀವೇನಾ ರೀ?"

"ಅವತ್ತೇ ಹೇಳಿದೆನಲ್ಲ!"

"ನೀವು ಹೇಳಿದ್ರೆ ಯಾರು ನಂಬ್ತಾರೆ? ಇದು ಫೋನಲ್ಲಿ ಬಂದಿದೆ" ಎಂದಳು. ಕಣ್ಣಂಚು ಒರೆಸಿಕೊಂಡು, ನಾನು ಇಪ್ಪತ್ತೇಳು ವರ್ಷದಿಂದ ಕಾದಿದ್ದ ಮಾತನ್ನು ಕೊನೆಗೂ ಬಾಯಿಬಿಟ್ಟು ಹೇಳಿದಳು: "ನಿಮ್ಮಿಂದಲೇ ಆಯ್ತು!" ಹೇಳಿದ್ದು ಫೋನಿನಲ್ಲಿ. ತಂಗಿಯ ಗಂಡನಿಗೆ.

ಮರುದಿನ ಬೆಳಿಗ್ಗೆಯೇ ಅವನು ಕ್ಯಾಮೆರಾ ಹಿಡಿದು ಹಾಜರಾದ. "ಜನ ಆ ಗಂಡನ್ನ ನೋಡಬೇಕು ಅಂತಿದ್ದಾರೆ ಭಾವ. ನೀವೂ ವಿಡಿಯೋದಲ್ಲಿ ಬರಲೇಬೇಕು." ಹೆಂಡತಿ ಬಲವಂತ ಮಾಡಿ ನನಗೆ ಇಸ್ತ್ರಿ ಅಂಗಿ ಹಾಕಿಸಿದಳು. ನನ್ನನ್ನು ಕಿಟಕಿಯ ಪಕ್ಕ ನಿಲ್ಲಿಸಿದರು. ಅವಳು ಪರದೆಯ ಹಿಂದೆ ನಿಂತಳು.

"ಅಕ್ಕಾ, ಪರದೆ ಸರಿಸಿ. ಆಮೇಲೆ ನನ್ನ ಕಡೆ ನೋಡಿ ಆ ನಗು ನಗಿ" ಎಂದ ಅವನು. "ಭಾವ, ನೀವು ಏನೂ ಮಾತಾಡೋದು ಬೇಡ. ಅಕ್ಕ ನಗುವಾಗ ಪಕ್ಕದಲ್ಲಿ ನಿಂತು ಮುಖದಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ತೋರಿಸಿದ್ರೆ ಸಾಕು. ನಟನೆ ಬರುತ್ತಾ?"

ಅವಳು ಪರದೆ ಸರಿಸಿದಳು. ಅವನ ಕಡೆ ನೋಡಿ ನಕ್ಕಳು.

ಒಂದೇ ಟೇಕಿಗೆ ಓಕೆ ಆಯಿತು.